ನೀಲಿ ತೇಪೆ

"ಗುನ್ವೋರ್, ಬುಟ್ಟಿ ತಂದಿದೀನಿ ಕಣೇ," ಎಂದು ಹಿಲ್ಡೂರ್ ಬಾಗಿಲಲ್ಲೇ ನಿಂತಳು. ಒಳಗೆ ಬರಲಿಲ್ಲ.

ಅವಳು ಬರುತ್ತಾಳೆಂದು ಗುನ್ವೋರಳಿಗೆ ಗೊತ್ತೇ ಇತ್ತು. ಹಿಮ ಕರಗಿ, ಹೊಲದ ಕೆಸರು ಕಾಲಿಟ್ಟರೆ ಹೂತುಹೋಗದಷ್ಟು ಗಟ್ಟಿಯಾಯಿತೆಂದರೆ ಬಟ್ಟೆ ಅಟ್ಟವನ್ನು ಚೊಕ್ಕಟ ಮಾಡುವುದು ಆ ತೋಟದ ವಾಡಿಕೆ. ಅಲ್ಲಿ ಅಂಗಿ, ಕೋಟು, ಬೂಟು ಯಾವುದೂ ಯಾರ ಸ್ವಂತದ್ದೂ ಅಲ್ಲ. ಹಳೆಯ ಕೊಟ್ಟಿಗೆಯ ಅಟ್ಟದ ಮೇಲೆ ಎಲ್ಲರದೂ ಒಟ್ಟಿಗೇ ಇರುತ್ತದೆ, ಬೇಕಾದವರು ಬೇಕಾದ್ದನ್ನು ತೊಟ್ಟುಕೊಳ್ಳುತ್ತಾರೆ. ಚಳಿಗಾಲದಲ್ಲಿ ಯಾರಾದರೂ ತೀರಿಕೊಂಡರೆ ಅವರ ಬಟ್ಟೆ ವಸಂತದಲ್ಲಿ ಅಟ್ಟ ಸೇರಬೇಕು. ಈ ಸಲ ತೀರಿಕೊಂಡಿದ್ದು ಗುನ್ವೋರಳ ಗಂಡ ತೂರೆ.

ಅವನ ಅಂಗಿಗಳನ್ನು ಕೊಟ್ಟಳು. ಮಳೆಕೋಟು ಕೊಟ್ಟಳು. ಬೇಸಿಗೆಯ ಟೋಪಿ ಕೊಡುವಾಗ, "ಇದನ್ನ ಹಾಕ್ಕೊಂಡ್ರೆ ಅಣಬೆ ಥರಾ ಕಾಣ್ತಿದ್ದ," ಎಂದು ನಕ್ಕಳು ಕೂಡ. ಕೊನೆಗೆ ಉಳಿದದ್ದು ಬೂದು ಬಣ್ಣದ ಸ್ವೆಟರು. ತಾವು ನಾಲ್ಕು ಜನ ಸ್ನೇಹಿತರು ಜೊತೆಗೂಡಿ, ಯಾರಿಗೂ ಬೇಡವಾಗಿ ಪಾಳುಬಿದ್ದಿದ್ದ ಈ ವೆರ್ಮ್‌ಲಾಂಡ್ ಸೀಮೆಯ ಜಮೀನಿಗೆ ಬಂದ ಮೊದಲ ಚಳಿಗಾಲದಲ್ಲಿ, ತಮ್ಮದೇ ಕುರಿಯ ಉಣ್ಣೆಯನ್ನು ಗುನ್ವೋರ್ ತೂರೆಗೆಂದು ತಾನೇ ನೂತು ಹೆಣೆದದ್ದು. ಮೊಣಕೈ ಹರಿದಾಗ ಬೂದು ನೂಲು ಸಿಗದೆ ನೀಲಿ ತೇಪೆ ಹಾಕಿದ್ದಳು. ಅದನ್ನು ಬುಟ್ಟಿಯ ಮೇಲೆ ಹಿಡಿದಳು. ಕೈ ಬಿಡಲಿಲ್ಲ.

"ಇದೊಂದನ್ನ ಇಟ್ಕೊಳ್ಳೇ," ಎಂದಳು ಹಿಲ್ಡೂರ್. "ಸಭೇಲಿ ಕೇಳು. ಯಾರು ಬೇಡ ಅಂತಾರೆ?"

ಹಿಲ್ಡೂರ್ ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೆ ಮಾತು ಹೋಗಿ ತಾಗಬೇಕಾದ ಜಾಗಕ್ಕೇ ತಾಗಿತು. ಹಿಂದೆ ಹಿಲ್ಡೂರಳ ಗಂಡ ಎಲೋಫ್ ಸತ್ತಾಗ, ಅವನ ಬೂಟುಗಳನ್ನು ಇಟ್ಟುಕೊಳ್ಳಲೇ ಎಂದು ಅವಳು ಸಭೆಯಲ್ಲಿ ಕೇಳಿದ್ದಳು. ತೋಟದ ಸಭೆಯಲ್ಲಿ ಎಲ್ಲರೂ ಒಪ್ಪಬೇಕು, ಒಬ್ಬರು ಬೇಡವೆಂದರೂ ಮುಗಿಯಿತು. ಎಲ್ಲರ ಕೈಗಳೂ ಎದ್ದವು, ಗುನ್ವೋರಳದ್ದೊಂದು ಏಳಲಿಲ್ಲ. "ಬೂಟು ಇರೋದು ಕಾಲಿಗೆ, ನೆನಪಿಗಲ್ಲ," ಎಂದಿದ್ದಳು. ಆಗ ಅವಳಿಗೆ ಗಂಡ ಇದ್ದ, ಮಾತು ಸಲೀಸಾಗಿ ಬಂದಿತ್ತು.

ಈಗ ಅದೇ ಸಭೆಯಲ್ಲಿ, ಅದೇ ಬೆಂಚಿನಲ್ಲಿ ಕೂತು ಸ್ವೆಟರು ಕೇಳುವುದೇ? ಸತ್ತರೂ ಆಗದು.

"ತೂತು ಬಿದ್ದಿದೆ, ನುಸಿ ಹಿಡಿದಿದೆ. ಯಾರು ಹಾಕ್ಕೋತಾರೆ ಇದನ್ನ? ಚಿಂದಿ ಮೂಟೆಗೆ ಹಾಕು," ಎಂದು ಬುಟ್ಟಿಗೆ ಎಸೆದು ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗಲೇ ಆ ಬಿಗುಮಾನವೆಲ್ಲ ಇಳಿದುಹೋಗಿತ್ತು. ಸಭೆಯೂ ಬೇಡ, ಯಾರ ಒಪ್ಪಿಗೆಯೂ ಬೇಡ. ಚಿಂದಿ ಮೂಟೆಯಿಂದ ಒಂದು ಚಿಂದಿ ಹೋದರೆ ಯಾರು ಕೇಳುತ್ತಾರೆ? ಈ ತೋಟದ ಕಟ್ಟಳೆಗಳಲ್ಲಿ ಅರ್ಧ ತಾನೇ ಮಾಡಿದ್ದು, ಈಗ ತಾನೇ ಕಳ್ಳಿಯಾಗಿ ಅಟ್ಟ ಹತ್ತಿದಳು. ಮೂಟೆ ಅಲ್ಲಿರಲಿಲ್ಲ.

ಕಿಟಕಿಯಿಂದ ನೋಡಿದರೆ ಎಲೆಕೋಸಿನ ಪಾತಿಯಲ್ಲಿ ಮಾಲ್ಟೆ ಕತ್ತರಿ ಹಿಡಿದು ಕೂತಿದ್ದ. ಹೋದ ವರ್ಷವಷ್ಟೇ ಯೋತೆಬೋರಿ ನಗರದ ಆಫೀಸು ಕೆಲಸ ಬಿಟ್ಟು ಬಂದವನು. ಗಡ್ಡ ಬಂದಿತ್ತು, ಬೇಸಾಯ ಇನ್ನೂ ಬರಬೇಕಿತ್ತು.

ಗುನ್ವೋರ್ ಏದುಸಿರು ಬಿಡುತ್ತ ಪಾತಿಯ ಹತ್ತಿರ ಬಂದಳು.

"ಬನ್ನಿ ಬನ್ನಿ, ಸರಿಯಾಗಿದೆಯಾ ನೋಡಿ!" ಎಂದ ಮಾಲ್ಟೆ. "ಸಸಿ ಸುತ್ತ ಉಣ್ಣೆ ಹಾಕಿದ್ರೆ ಬಸವನಹುಳು ಹತ್ತಲ್ಲ ಅಂತ ನೀವೇ ಹೇಳಿಕೊಟ್ಟಿದ್ರಲ್ಲ. ಹೋದ ವರ್ಷ ಅರ್ಧ ಕೋಸು ಅವುಗಳ ಹೊಟ್ಟೆಗೇ ಹೋಯ್ತು. ಈ ಸಲ ಬರ್ಲಿ, ನೋಡ್ಕೋತೀನಿ."

ಸಾಲಿನ ಒಂದೊಂದು ಸಸಿಯ ಬುಡಕ್ಕೂ ಬೂದು ಉಣ್ಣೆಯ ತುಂಡು ಸುತ್ತಿತ್ತು. ತೋಳು ಯಾವುದು, ಎದೆ ಯಾವುದು ಎಂದು ಹೆಣೆದವಳಿಗೆ ಗೊತ್ತಾಗದೆ ಇರುತ್ತದೆಯೇ? ಗುನ್ವೋರಳಿಗೆ ಅವನ ಕೈಯಿಂದ ಕತ್ತರಿ ಕಿತ್ತು ಎಸೆಯಬೇಕೆನ್ನಿಸಿತು. ಆದರೆ ಚಿಂದಿ ಮೂಟೆಗೆ ಹಾಕೆಂದವಳೂ ತಾನೇ. ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ಸಡಿಲ ಬಿಟ್ಟಿದೀಯ. ಒತ್ತಿ ಹಾಕು," ಎಂದು ಮಂಡಿಯೂರಿ ಕೂತಳು.

ಮಧ್ಯಾಹ್ನದವರೆಗೂ ಒತ್ತಿದಳು. ಮಾಲ್ಟೆ ನೀರು ತರಲು ಹೋದಾಗ ಹಿಲ್ಡೂರ್ ಬಂದು ಪಕ್ಕದಲ್ಲಿ ಮೆಲ್ಲಗೆ ಕೂತಳು. ಬರ್ಚ್ ಮರಗಳು ಆಗಷ್ಟೇ ಚಿಗುರಿದ್ದವು, ಕೆರೆಯ ಕಡೆಯಿಂದ ಕೊಕ್ಕರೆಗಳ ಕೂಗು ಕೇಳುತ್ತಿತ್ತು.

"ನೀನು ಹೇಳ್ದಂಗೇ ಮೂಟೆಗೆ ಹಾಕ್ದೆ ಕಣೇ. ಬೆಳಿಗ್ಗೆ ತೆಗೆದಿಡೋಣ ಅಂತ ಹೋಗೋಷ್ಟರಲ್ಲಿ ಈ ಪುಣ್ಯಾತ್ಮ ಹೊತ್ಕೊಂಡು ಬಂದ್ಬಿಟ್ಟಿದ್ದ."

"ಇರ್ಲಿ ಬಿಡು."

"ಎಲೋಫ್‌ನ ಬೂಟು ಎಷ್ಟೋ ವರ್ಷ ಅವರಿವರ ಕಾಲಲ್ಲಿ ತಿರುಗಾಡ್ತು. ಹಾಕ್ಕೊಂಡೋರು ಯಾರು ಅಂತ ನಾನು ಮುಖ ನೋಡ್ತಾನೇ ಇರ್ಲಿಲ್ಲ. ಬೂಟಿನ ಹಿಂದೆ ಸುಮ್ನೆ ಹೋಗ್ತಿದ್ದೆ. ಒಂದಿನ ಹಂಗೇ ಹೋಗಿ ಹೋಗಿ ಹಂದಿ ಗೂಡಲ್ಲಿ ನಿಂತಿದ್ದೆ."

ಗುನ್ವೋರಳಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರು. ಮಣ್ಣಿನ ಕೈಯಲ್ಲೇ ಒರೆಸಿಕೊಂಡಳು. "ನನ್ನ ಬೈಕೊಳ್ಲಿಲ್ವಾ?"

"ಬೈಕೊಳ್ದೆ ಇರ್ತೀನಾ? ಚೆನ್ನಾಗಿ ಬೈದೆ, ನಿಂಗೆ ಕೇಳಿಸದ ಹಾಗೆ. ಆಮೇಲೆ ಸಾಕಾಯ್ತು."

ಸಾಲಿನ ಕೊನೆಯ ಸಸಿಯ ಬುಡದಲ್ಲಿ ನೀಲಿ ತೇಪೆ ಇತ್ತು. ಇಬ್ಬರೂ ಅದನ್ನು ನೋಡಿದರು. ಹಿಲ್ಡೂರ್ ಅದನ್ನು ಎತ್ತಿ, ಮಣ್ಣು ಕೊಡವಿ, ಗುನ್ವೋರಳ ಮುಂದೆ ಹಿಡಿದಳು.

"ಬೇಡ. ಅದಿರೋದು ಸಸಿಗೆ," ಎಂದು ಗುನ್ವೋರ್ ತೇಪೆ ಇಸಿದುಕೊಂಡು ಇದ್ದ ಜಾಗಕ್ಕೇ ಹಾಕಿದಳು. ಎಲ್ಲದಕ್ಕಿಂತ ಗಟ್ಟಿಯಾಗಿ ಅದನ್ನೇ ಒತ್ತಿದಳು. ಆಮೇಲೆ ಗೆಳತಿಯ ಭುಜ ಹಿಡಿದು ಎದ್ದಳು, ಇಬ್ಬರೂ ತುರಿಚೆ ಸೊಪ್ಪಿನ ಸೂಪು ಕುಡಿಯಲು ಹೋದರು. ಸೂಪಿಗೆ ಉಪ್ಪು ಸಾಲದೆಂದು ಗುನ್ವೋರ್ ಎಲ್ಲರ ಮುಂದೆ ಜಗಳ ತೆಗೆದಳು. ಸಂಜೆ, ನೀರಿನ ಕೊಡ ಮರೆತು ಬಂದೆನೆಂದು ಒಬ್ಬಳೇ ಪಾತಿಯ ಕಡೆ ಹೋಗಿ ಬಂದಳು.

ರಾತ್ರಿ ಮಳೆ ಬಿತ್ತು. ಬೆಳಿಗ್ಗೆ ಮಾಲ್ಟೆ ಪಾತಿಯಿಂದಲೇ ಎಲ್ಲರನ್ನೂ ಕೂಗಿ ಕರೆದ. ಸಾಲಿಗೆ ಸಾಲೇ ಹಸಿರಾಗಿ ನಿಂತಿತ್ತು. ತುದಿಯಲ್ಲಿ ಮಾತ್ರ ಒಂದು ಸಸಿಯ ಎಲೆಗಳೆಲ್ಲ ಹೋಗಿ ಕಡ್ಡಿಯಷ್ಟೇ ಉಳಿದಿತ್ತು, ಪಕ್ಕದಲ್ಲಿ ಹೊಟ್ಟೆ ತುಂಬಿದ ಹುಳು ಮಲಗಿತ್ತು.

"ಎಲ್ಲದಕ್ಕೂ ಹಾಕಿದ್ನಲ್ಲ!" ಮಾಲ್ಟೆ ತಲೆ ಕೆರೆದುಕೊಂಡ. "ಇದೊಂದಕ್ಕೆ ಉಣ್ಣೇನೇ ಇಲ್ಲ ನೋಡಿ. ಮರೆತ್ನೋ ಏನೋ."

ಹಿಲ್ಡೂರ್ ಗುನ್ವೋರಳ ಕಡೆ ನೋಡಿದಳು. ಗುನ್ವೋರಳ ಬಲಗೈ ಏಪ್ರನ್ನಿನ ಜೇಬಿನೊಳಗಿತ್ತು.

"ಮರೆತಿರ್ತೀಯ ಬಿಡಪ್ಪ," ಎಂದಳು ಹಿಲ್ಡೂರ್. "ಹೋಗು, ಇನ್ನೊಂದು ಸಸಿ ತಗೊಂಬಾ."

ಅವನು ಓಡಿದ. ಗುನ್ವೋರ್ ಒದ್ದೆ ಮಣ್ಣಿನಲ್ಲಿ ಮಂಡಿಯೂರಿ, ಎಡಗೈಯೊಂದರಲ್ಲೇ ಹೊಸ ಗುಂಡಿ ತೋಡತೊಡಗಿದಳು.