ತಂತಿಯ ಮೇಲೆ ವಿಭೂತಿ

“ಮೂರು ಬೆರಳು ಎಳ್ದೆ, ಅಷ್ಟೆಯ. ಸ್ಕೂಟರ್‌ಗೂ ಎಳೀತೀನಿ, ಮಿಕ್ಸಿಗೂ ಎಳೀತೀನಿ. ಅದ್ಯಾವುದೂ ಇಂಗೆ ಕೆಟ್ಟು ಕೂತಿಲ್ಲ ಕಣೋ,” ಅಂದರು ನೀಲಾಂಬಿಕೆ.

ಮಗ ನಟರಾಜ ದೇವರ ಮನೆ ಬಾಗಿಲಲ್ಲಿ ಮಣೆಯ ಮೇಲೆ ಮಲಗಿದ್ದ ಗಿಟಾರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಪಂಚೆಯ ಚುಂಗಿನಿಂದ ಒಂದೊಂದೇ ತಂತಿ ಒರೆಸುತ್ತಿದ್ದ. ಅವ್ವ ಲಿಂಗಪೂಜೆ ಮುಗಿಸಿ, ನೀರಲ್ಲಿ ತೇಯ್ದ ವಿಭೂತಿಯನ್ನು ತಂತಿಗಳ ಮೇಲೆ ಧಾರಾಳವಾಗಿಯೇ ಬಳಿದಿದ್ದರು. ಮಗನ ಮೊದಲ ಸಂಗೀತ ಕಚೇರಿ, ಅದೂ ಹಾಸನದಲ್ಲಿ, ಇವತ್ತು ಸಂಜೆ ಐದಕ್ಕೆ. ಜಿಪುಣತನ ಮಾಡುವ ದಿನವೇ ಅಲ್ಲ. ನೀರು ಕುಡಿದ ತಂತಿಗಳು ಊದಿಕೊಂಡು, ಮೈಮೇಲೆ ಸಣ್ಣ ಸಣ್ಣ ಎಳೆ ಎದ್ದಿದ್ದವು. ಶ್ರುತಿಗೆ ತರೋಣ ಅಂತ ಬಿರಡೆ ತಿರುಗಿಸಿದ. ಎಲ್ಲಕ್ಕಿಂತ ತೆಳ್ಳಗಿನ ತಂತಿ ಟಪ್ ಅಂತ ಹರಿದು ಮುಂಗೈಗೆ ಬಡಿಯಿತು.

ಆ ಗಿಟಾರ್ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಇನ್ನೂರು ವರ್ಷದ ಹಿಂದೆ ವಿಯೆನ್ನಾ, ಪ್ಯಾರಿಸ್ ಕಡೆಯವರು ಮನೆಯ ಪಡಸಾಲೆಯಲ್ಲಿ ಕೂತು ಬಾರಿಸುತ್ತಿದ್ದರಲ್ಲ, ಆ ಅಳತೆಯದ್ದು: ಪುಟ್ಟ ಮೈ, ಸಣ್ಣ ನಡು, ಮರದ ಬಿರಡೆ. ಅರಕಲಗೂಡಿನಲ್ಲಿ ವೀಣೆ, ತಂಬೂರಿ ರಿಪೇರಿ ಮಾಡುವ ಸಿದ್ದೇಶ್ವರ, ನಟರಾಜ ತಂದುಕೊಟ್ಟ ನಕ್ಷೆ ನೋಡಿಕೊಂಡು ಹದಿನಾಲ್ಕು ತಿಂಗಳು ಒದ್ದಾಡಿ ಮಾಡಿದ್ದ. ಹೊಳೆನರಸೀಪುರದ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ನಟರಾಜನಿಗೆ ಇದೆಂಥ ಹುಚ್ಚು ಅಂತ ಜನ ಕೇಳುತ್ತಿದ್ದರು. ಆ ಕಾಲದವರು ಬರೆದ ತುಣುಕೊಂದನ್ನು ಯಾವತ್ತೋ ಮೊಬೈಲಿನಲ್ಲಿ ಕೇಳಿದ್ದ. ಪಕ್ಕದ ರೂಮಿನಲ್ಲಿ ಯಾರೋ ಮೆಲ್ಲಗೆ ಮಾತಾಡಿಕೊಳ್ಳುತ್ತಿರುವ ಹಾಗಿತ್ತು. ಏನಂತಾರೆ ನೋಡೋಣ ಅಂತ ಹೋದವನು ವಾಪಸ್ ಬಂದೇ ಇರಲಿಲ್ಲ.

ಮೊದಲು ನೈಲಾನ್ ತಂತಿ ಕಟ್ಟಿದ್ದರು. ಸಿದ್ದೇಶ್ವರನೇ ತಲೆ ಆಡಿಸಿದ್ದ: “ಬ್ಯಾಡಿ ಸಾ. ಯಾರ್ದೋ ಹಲ್ಲುಸೆಟ್ ಆಕ್ಕೊಂಡು ಮಾತಾಡ್ದಂಗದೆ.” ಆಮೇಲೇ ಹೊರದೇಶದಿಂದ ಹಳೇ ಕ್ರಮದ ತಂತಿ ತರಿಸಿದ್ದು. ಅದೇನೋ ಇದು ಅಂತ ಅವ್ವ ಆಗಲೇ ಕೇಳಿದ್ದರು. ‘ಒಂಥರಾ ನೂಲು’ ಅಂದುಬಿಟ್ಟಿದ್ದ ನಟರಾಜ.

“ನೂಲು ಅಂದ್ರೆ ನೆಂದ್ರೆ ಒಣುಗ್ತದೆ,” ಅಂದರು ಅವ್ವ ಈಗ. “ಇದ್ಯಾವ ನೂಲಪ್ಪ, ಕಿತ್ತೋಗೋದು?”

ಇನ್ನೊಂದು ಸುಳ್ಳು ನಾಲಿಗೆ ತುದಿಗೆ ಬಂತು. ಆದರೆ ಅವ್ವನ ಕಣ್ಣಲ್ಲಿ, ತಾನೇನೋ ಹಾಳು ಮಾಡಿದೆ ಅನ್ನುವ ಅಳುಕಿತ್ತು. ಅದನ್ನು ನೋಡಿಕೊಂಡು ಹೇಳಲಾಗಲಿಲ್ಲ.

“ನೂಲಲ್ಲ ಅವ್ವ. ಕುರಿ ಕರುಳು. ಹೊಸೆದು ಮಾಡ್ತಾರೆ.”

ನೀಲಾಂಬಿಕೆ ತಮ್ಮ ಮೂರು ಬೆರಳು ನೋಡಿಕೊಂಡರು. ಅಡುಗೆಮನೆಯಿಂದ ಸೊಸೆ ತೇಜಶ್ರೀ ಸೌಟು ಹಿಡಿದೇ ಬಂದು ನಿಂತಳು.

“ತೇಜೂ, ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಅತ್ತೆ.”

“ಅಂಗಾದ್ರೆ ಈ ಮನೇಲಿ ಗೊತ್ತಿಲ್ದೋಳು ನಾನೊಬ್ಳೆಯ. ಮೂರು ಆಯುಧಪೂಜೆಗೂ ಹೂವು ಏರ್ಸಿವ್ನಿ ಇದ್ಕೆ.” ಬಚ್ಚಲಿಗೆ ಹೋಗಿ ಕೈ ತೊಳೆದು, ಮತ್ತೆ ತೊಳೆದು, ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಸಂಜೆಗೆ ಅಂತ ಇಸ್ತ್ರಿ ಮಾಡಿಸಿದ್ದ ಸೀರೆ ಹೊರಗೆ ಕುರ್ಚಿಯ ಮೇಲೆಯೇ ಉಳಿಯಿತು.

ನಟರಾಜನಿಗೆ ಕಚೇರಿ ಎಲ್ಲಿಗಾದರೂ ಹಾಳಾಗಿ ಹೋಗಲಿ ಅನ್ನಿಸಿತು. ಮನೆಯಲ್ಲಿ ಅವನು ಬಾರಿಸಿದ್ದೆಲ್ಲ ಅವ್ವನ ಕಿವಿಗೆ ಬಿದ್ದಿದ್ದು ಕುಕ್ಕರ್ ಕೂಗಿನ ಮಧ್ಯೆ. ಒಂದು ಸಲವಾದರೂ ಸುಮ್ಮನೆ ಕೂತು ಕೇಳಲಿ ಅಂತಲೇ ಅವನು ಹಾಸನದವರಿಗೆ ಹೂಂ ಅಂದಿದ್ದು.

ತಂತಿ ಹರಿದ ಸುದ್ದಿ ಫೋನಿನಲ್ಲಿ ತಿಳಿದು, ಹನ್ನೊಂದಕ್ಕೆ ಸಿದ್ದೇಶ್ವರ ಬೇರೆ ತಂತಿ ಹಿಡಿದು ಬಂದ. ಅವ್ವನ ಸಿಟ್ಟಿನ ವಿಷಯ ಕೇಳಿ, ರೂಮಿನ ಬಾಗಿಲ ಹತ್ತಿರ ಹೋಗಿ ಗಂಟಲು ಸರಿ ಮಾಡಿಕೊಂಡ.

“ಅವ್ವಾರೆ, ನೀವೇ ಯೋಚ್ನೆ ಮಾಡಿ. ಮಠದಲ್ಲಿ ಭಜನೆಗೆ ಮೃದಂಗ ಬಾರುಸ್ತಾರೆ. ಅದು ಚರ್ಮ ಅಲ್ವಾ?”

ಬಾಗಿಲು ತೆರೆಯಿತು. “ಗೊತ್ತು ಕಣಪ್ಪ. ಮೃದಂಗದೋನು ಚರ್ಮ ಅಂತ್ಲೇ ಏಳ್ತಾನೆ. ನೂಲು ಅಂತ ಏಳಲ್ಲ.”

ಸಿದ್ದೇಶ್ವರ ಅಲ್ಲಿಂದ ಸರಿದು ತನ್ನ ಚೀಲ ಬಿಚ್ಚಿದ.

“ತಪ್ಪಾಯ್ತು ಅವ್ವ,” ಅಂದ ನಟರಾಜ. “ನೈಲಾನ್ ಕಟ್ತೀನಿ. ಬತ್ತೀಯಾ?”

“ನನ್ನ ಬಾಯಿ ಮುಚ್ಚಕ್ಕೆ ದಾರ ಬದಲಾಯ್ಸ್ತೀಯಾ? ಏನು ಕಟ್ತೀಯೋ ಕಟ್ಕೋ ಓಗು. ನನ್ನ ಕೇಳ್ಬ್ಯಾಡ.”

ಸಿದ್ದೇಶ್ವರನ ಚೀಲದಲ್ಲಿ ಎರಡೂ ಇದ್ದವು. ನಟರಾಜ ಎರಡೂ ಸುರುಳಿಗಳನ್ನು ಕೈಗೆ ತೆಗೆದುಕೊಂಡ. ನೈಲಾನ್ ಕಟ್ಟಿದರೆ ಅದೂ, ನೂಲು ಅಂದ ಹಾಗೆಯೇ, ಅವ್ವನ ಬಾಯಿ ಮುಚ್ಚಿಸುವ ಉಪಾಯವೇ. ಕರುಳನ್ನೇ ಕಟ್ಟಿದ.

ಹೊಸದು ಎಳೆದುಕೊಂಡು ಹದಕ್ಕೆ ಬರಲು ಹೊತ್ತು ಹಿಡಿಯುತ್ತದೆ. ಹಾಸನದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಿರಡೆ ತಿರುವುತ್ತ, ಟಿಣ್ ಟಿಣ್ ಮಾಡುತ್ತ ಕೂತಿದ್ದ. “ಸಾ, ಇಳಿಯೋದ್ರೊಳಗೆ ಒಂದಾದ್ರೂ ಹಾಡು ಬತ್ತದಾ?” ಅಂದ ಕಂಡಕ್ಟರ್. “ಬಂದ್ರೆ ಟಿಕೆಟ್ ವಾಪಸ್ ಕೊಡ್ತೀರಾ?” ಅಂದ ಸಿದ್ದೇಶ್ವರ. ನಟರಾಜನಿಗೆ ನಗು ಬರಲಿಲ್ಲ.

ಲೈಬ್ರರಿಯ ಮಹಡಿ ಮೇಲಿನ ಸಣ್ಣ ಹಾಲು. ಮೂವತ್ತು ಜನ ಇದ್ದಿರಬಹುದು. ಆ ಕಾಲದ ವಾದ್ಯ ಆ ಕಾಲದ ಹಾಗೆಯೇ ಕೇಳಬೇಕು ಅಂತ ಮೈಕ್ ಬೇಡ ಅಂದಿದ್ದ. ಐದಕ್ಕೆ ಹತ್ತು ನಿಮಿಷ ಇರುವಾಗ ಮೆಟ್ಟಿಲ ಮೇಲೆ ತೇಜಶ್ರೀ ಕಂಡಳು. ಅವಳ ಹಿಂದೆ, ಒಂದೊಂದೇ ಮೆಟ್ಟಿಲು ಹತ್ತುತ್ತ, ಇಸ್ತ್ರಿ ಸೀರೆಯಲ್ಲಿ ಅವ್ವ. ನೀಲಾಂಬಿಕೆ ನೇರ ಅವನ ಕುರ್ಚಿಯ ಹತ್ತಿರ ಬಂದರು.

“ಕಟ್ಟಾಯ್ತಾ?”

“ಆಯ್ತವ್ವ. ಇದೂ ಕರುಳೇ.”

“ಊಂ.” ಗಿಟಾರಿನಿಂದ ಒಂದು ಮೊಳ ದೂರದಲ್ಲೇ ನಿಂತು ಅದನ್ನು ನೋಡಿದರು. “ನಾನು ಮುಟ್ಟಲ್ಲ. ದೇವ್ರ ಮನೆ ಮುಂದಕ್ಕೂ ಬ್ಯಾಡ, ನಿನ್ನ ರೂಮಲ್ಲಿ ಇಟ್ಕೋ. ಕೇಳಕ್ಕೇನು, ಕೇಳ್ತೀನಿ.”

“ಆಗ್ಲಿ ಅವ್ವ.”

ಗೋಡೆ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತರು. ನಟರಾಜ ಕಣ್ಣು ತಗ್ಗಿಸಿ ಶುರು ಮಾಡಿದ. ಮೊದಲ ಸ್ವರಗಳು ನಾಲ್ಕನೇ ಸಾಲಿನ ಕುರ್ಚಿಗಳವರೆಗೂ ಕೇಳಿಸಲಿಲ್ಲ. ತಲೆಯ ಮೇಲೆ ಎರಡು ಹಳೇ ಫ್ಯಾನು ಗರಗರ ಅಂತ ತಿರುಗುತ್ತಿದ್ದವು. ಜನ ಕತ್ತು ಮುಂದೆ ಚಾಚಿದರು. ಅವನು ನಿಲ್ಲಿಸಲೂ ಆಗದೆ, ಜೋರು ಮಾಡಲೂ ಆಗದೆ ಬಾರಿಸುತ್ತಲೇ ಇದ್ದ.

ನೀಲಾಂಬಿಕೆ ಎದ್ದರು. ಯಾರನ್ನೂ ಕೇಳದೆ ಸ್ವಿಚ್ ಬೋರ್ಡ್ ಹತ್ತಿರ ಹೋಗಿ ಒಂದನ್ನು ಒತ್ತಿದರು, ಲೈಟು ಹೋಯಿತು. ಅದನ್ನು ಮತ್ತೆ ಹಾಕಿ ಪಕ್ಕದ್ದನ್ನು ಒತ್ತಿದರು, ಅದರ ಪಕ್ಕದ್ದನ್ನೂ ಒತ್ತಿದರು. ಫ್ಯಾನುಗಳು ನಿಧಾನವಾಗಿ ನಿಂತವು. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದು, ಈ ಸಲ ಮುಂದಿನ ಸಾಲಿನಲ್ಲಿ ಕೂತರು.