ಪಡುಕೋಡಿಯಲ್ಲಿ ದೀಪ ಆರಿಸುವುದೇಕೆ

ಮುನಿಯಣ್ಣನ ಮನೆಯ ಮೇಲಿನ ಮಹಡಿಗೆ ಮಧುಮತಿ ಬಾಡಿಗೆಗೆ ಬಂದು ತಿಂಗಳಾಗಿತ್ತಷ್ಟೆ. ಒಂದು ದಿನ ಬಾಗಿಲ ಸಂದಿಯಲ್ಲಿ ಅವಳದ್ದಲ್ಲದ ಅಂಚೆಯೊಂದು ಸಿಕ್ಕಿಕೊಂಡಿತ್ತು. ಕಂದು ಕಾಗದದ ಪಟ್ಟಿ ಸುತ್ತಿದ ನಾಲ್ಕು ಪುಟದ ಪತ್ರಿಕೆ. ಮೇಲೆ 'ಕುಮಾರಿ ಜಲಜಾಕ್ಷಿ, ಬಿ.ಟಿ.ಎಂ. ಲೇಔಟ್, ಎರಡನೇ ಹಂತ' ಎಂದಿತ್ತು. ಒಳಗೆ ದಪ್ಪ ಅಕ್ಷರದಲ್ಲಿ 'ಪಡುಕೋಡಿ ಪಟ್ಟಣ ವಾರ್ತೆ' ಎಂಬ ಹೆಸರು, ಅದರ ಕೆಳಗೆ 'ಪಟ್ಟಣ ಪಂಚಾಯತಿಯ ತಿಂಗಳ ಪ್ರಕಟಣೆ' ಎಂಬ ಸಾಲು.

ಜಲಜಾಕ್ಷಿ ಎಂದರೆ ಹಿಂದೆ ಅದೇ ಮನೆಯಲ್ಲಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವವರು ಎಂದು ಮುನಿಯಣ್ಣ ಹೇಳಿದ. ಅವರ ಪತ್ರಿಕೆಯನ್ನು ಹಾಗೇ ತೆಗೆದಿಡಬೇಕಿತ್ತು. ಆದರೆ ಮಧುಮತಿ ಅಚ್ಚಾದ ಅಕ್ಷರ ಕಂಡರೆ ಓದದೆ ಬಿಡುವವಳಲ್ಲ. ಹತ್ತಿರದ ಡಿ.ಟಿ.ಪಿ. ಅಂಗಡಿಯಲ್ಲಿ ದಿನವಿಡೀ ಮದುವೆ ಕಾರ್ಡು, ಗೃಹಪ್ರವೇಶದ ಆಮಂತ್ರಣ, ಬಾಡಿಗೆ ಕರಾರು ಟೈಪು ಮಾಡುವುದು ಅವಳ ಕೆಲಸ. ಕಾಗದ ಕೈಗೆ ಸಿಕ್ಕರೆ ಮೊದಲು ಕಾಗುಣಿತದ ತಪ್ಪು ಹುಡುಕುತ್ತಾಳೆ, ಆಮೇಲೆ ವಿಷಯ. ಪಡುಕೋಡಿಯ ಪತ್ರಿಕೆಯಲ್ಲಿ ತಪ್ಪು ಬೇಕಾದಷ್ಟಿದ್ದವು. ವಿಷಯ ಮಾತ್ರ ಅವಳು ಎಂದೂ ಓದದಂಥದ್ದು.

ಮೀನು ಮಾರುಕಟ್ಟೆಯ ಮಾಡಿಗೆ ಹೊಸ ಹೆಂಚು ಹಾಕಿಸಲಾಗಿದೆ. ದಂಡೆಯ ಮೇಲೆ ಬಲೆ ಒಣಗಿಸುವವರು ಗಾಡಿ ಹೋಗುವಷ್ಟು ದಾರಿ ಬಿಡತಕ್ಕದ್ದು. ಶಾಲೆಯ ಹಿಂದಿನ ಬಾವಿಗೆ ಉಪ್ಪುನೀರು ಸೇರಿರುವುದರಿಂದ ಮುಂದಿನ ಸೂಚನೆಯವರೆಗೆ ಕುಡಿಯಬಾರದು. ಮಧುಮತಿ ರೋಣದ ಕಡೆಯವಳು. ಶಾಲೆಯವರು ಪ್ರವಾಸಕ್ಕೆ ಕರೆದೊಯ್ದಾಗ ಕಂಡ ಮಲಪ್ರಭೆಯ ಅಣೆಕಟ್ಟೆಗಿಂತ ದೊಡ್ಡ ನೀರನ್ನು ನೋಡಿದವಳಲ್ಲ. ಬಾವಿಯೊಳಕ್ಕೆ ಸಮುದ್ರ ಹೇಗೆ ಬರುತ್ತದೆ ಎಂದು ಯೋಚಿಸುತ್ತಲೇ ಅನ್ನಕ್ಕಿಟ್ಟಳು.

ಕೊನೆಯ ಪುಟದ ಮೂಲೆಯಲ್ಲಿದ್ದ ಪ್ರಕಟಣೆ ಅವಳ ತಲೆ ಹೊಕ್ಕಿತು. 'ಎಂದಿನಂತೆ ಈ ವರ್ಷವೂ ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ದಂಡೆ ರಸ್ತೆಯ ಬೀದಿದೀಪಗಳನ್ನು ಆರಿಸಲಾಗುವುದು. ನಾಗರಿಕರು ಸಹಕರಿಸಬೇಕು.' ಯಾಕೆ ಎಂದು ಎಲ್ಲೂ ಬರೆದಿರಲಿಲ್ಲ.

ಸಂಜೆ ಮುನಿಯಣ್ಣ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಲೇಔಟು ಆಗುವ ಮೊದಲು ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವನು. ಈಗ ಮೂರು ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಿದ್ದ. ಮಧುಮತಿ ಪತ್ರಿಕೆ ಹಿಡಿದುಕೊಂಡೇ ಇಳಿದುಬಂದಳು.

"ಮುನಿಯಣ್ಣಾರ, ಇಷ್ಟು ಕೇಳ್ರಿ. ಬೇಕಂತನ ದೀಪ ಆರಸ್ತಾರಂತ. ಅದೂ ಅಮಾಸಿಗೆ. ಹುಣ್ಣಿಮಿಗೆ ಆರಸಿದ್ರ ತಿಳೀತೈತಿ, ಬೆಳದಿಂಗಳ ಇರ್ತೈತಿ, ಕರೆಂಟ್ ಉಳೀತೈತಿ. ಅಮಾಸಿಗೆ ಯಾಕ?"

"ಅಮಾಸೆಗಾ? ಹಂಗಾದ್ರೆ ಏನೋ ಪೂಜೆ ಗೀಜೆ ಇರ್ಬೇಕು ಬಿಡಮ್ಮ," ಎಂದ ಮುನಿಯಣ್ಣ. ಆಮೇಲೆ ತಾನೇ ಯೋಚಿಸಿ, "ನೋಡು, ನಮ್ಮ ಮೂಲೆ ಕಂಬದಲ್ಲಿ ದೀಪ ಹತ್ತಲ್ಲ ಅಂತ ನಾನು ಕಾರ್ಪೊರೇಷನ್ನಿಗೆ ಅಲೀತಾ ಇದ್ದೀನಿ. ಅಲ್ಲಿ ಹತ್ತೋದನ್ನ ಅವರೇ ಆರಿಸ್ತವ್ರೆ," ಎಂದ.

ಗಂಡ ನಿಂಗರಾಜ ಕೊರಿಯರ್ ಆಫೀಸಿನಿಂದ ಬಂದವನು ಕೈಕಾಲು ತೊಳೆಯುತ್ತಲೇ ತೀರ್ಪು ಕೊಟ್ಟ. "ಕಳ್ಳಸಾಗಾಣಿಕಿ ಇರಬೇಕು."

"ಕಳ್ಳಸಾಗಾಣಿಕಿಗೆ ಪಂಚಾಯ್ತಿಯವರು ಪ್ರಕಟಣಿ ಹೊರಡಸ್ತಾರೇನ? ನಾಗರಿಕರು ಸಹಕರಿಸಬೇಕು ಅಂತ?"

"ಹಂಗಾರ ನನ್ನ ಕೇಳಬ್ಯಾಡ," ಎಂದು ಅವನು ಊಟಕ್ಕೆ ಕೂತ.

ಮುಂದಿನ ತಿಂಗಳ ಪತ್ರಿಕೆಗೆ ಮಧುಮತಿ ಕಾದಳು ಎಂದೇ ಹೇಳಬೇಕು. ಅದು ಬಂದ ದಿನ ಚಪ್ಪಲಿ ಬಿಡುವ ಮೊದಲೇ ಕೊನೆಯ ಪುಟ ತಿರುಗಿಸಿದಳು. ಈ ಸಲ ವಿಷಯ ಮೊದಲ ಪುಟಕ್ಕೇ ಬಂದಿತ್ತು. ದಂಡೆ ರಸ್ತೆಯಲ್ಲಿ ಹೊಸದಾಗಿ ಎದ್ದ ವಸತಿಗೃಹಗಳ ಮಾಲೀಕರು, ಕತ್ತಲಲ್ಲಿ ತಮ್ಮ ಅತಿಥಿಗಳು ಹೊರಗೆ ಕಾಲಿಡಲು ಹೆದರುತ್ತಾರೆ, ದೀಪಗಳು ವರ್ಷವಿಡೀ ಉರಿಯಬೇಕು ಎಂದು ಅರ್ಜಿ ಕೊಟ್ಟಿದ್ದರು. ಕೈರಂಪಣಿಯವರು ಅದಕ್ಕೆ ಆಕ್ಷೇಪಣೆ ಸಲ್ಲಿಸಿದ್ದರು. ವಿಷಯ ಸಾಮಾನ್ಯ ಸಭೆಯ ಮುಂದೆ ಬರಲಿದೆ ಎಂದಿತ್ತು.

ಕೈರಂಪಣಿ ಎಂದರೇನು? ಅಂಗಡಿಗೆ ಬಂದವರನ್ನೆಲ್ಲ ಮಧುಮತಿ ಕೇಳಿದಳು. ಮಗಳ ನಾಮಕರಣದ ಕಾರ್ಡಿಗೆ ಬಂದವರೊಬ್ಬರು ಅದು ವಾದ್ಯ ಎಂದರು. ರೆಸ್ಯೂಮೆ ಟೈಪು ಮಾಡಿಸುತ್ತಿದ್ದ ಹುಡುಗ, "ಯಾವುದೋ ಡ್ಯಾನ್ಸ್ ಇರ್ಬೇಕು ಅಕ್ಕ," ಎಂದ. ವಾದ್ಯದವರಿಗೂ ಡ್ಯಾನ್ಸಿನವರಿಗೂ ಬೀದಿದೀಪದ ಮೇಲೆ ಸಿಟ್ಟೇಕೆ ಎಂದು ಯೋಚಿಸುತ್ತಲೇ ಮಧುಮತಿ ಟೈಪು ಮುಂದುವರಿಸಿದಳು.

ಪತ್ರಿಕೆಯ ಕೊನೆಯಲ್ಲಿ ಪಂಚಾಯತಿಯ ಫೋನ್ ನಂಬರು ಇತ್ತು. ಊಟದ ಹೊತ್ತಿನಲ್ಲಿ ಮಧುಮತಿ ಪಕ್ಕದ ಎಸ್.ಟಿ.ಡಿ. ಬೂತಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡಳು. ಆ ಕಡೆ ಗುಮಾಸ್ತರೊಬ್ಬರು ಎತ್ತಿದರು.

"ದಂಡಿ ರಸ್ತೆದ ದೀಪದ ಬಗ್ಗೆ ಕೇಳಬೇಕಾಗಿತ್ರಿ."

"ನಿಮ್ಮ ಮನೆ ಯಾವ ವಾರ್ಡು?"

"ಬಿ.ಟಿ.ಎಂ. ಲೇಔಟ್ರಿ."

 ಆ ಕಡೆ ಕಾಗದ ಮಗುಚಿದ ಸದ್ದು. "ಅದು ನಮ್ಮದರಲ್ಲಿ ಇಲ್ಲವಲ್ಲ," ಎಂದರು ಗುಮಾಸ್ತರು.

ಬೆಂಗಳೂರಿನಿಂದ ಮಾತಾಡುತ್ತಿದ್ದೇನೆ ಎಂದು ಅವಳು ಬಿಡಿಸಿ ಹೇಳಿದಳು. ಗುಮಾಸ್ತರಿಗೆ ಇನ್ನೂ ಅನುಮಾನವಾಯಿತು. "ದೀಪ ಆರಿಸುವ ಕ್ರಮ ಮೊದಲಿಂದ ಉಂಟು. ಈಗ ವಿಷಯ ಸಭೆಗೆ ಹೋಗಿದೆ, ನಾನು ಏನೂ ಹೇಳುವ ಹಾಗಿಲ್ಲ. ನಿಮಗೆ ಪತ್ರಿಕೆ ಹೇಗೆ ಸಿಕ್ಕಿತು?"

"ಜಲಜಾಕ್ಷಿಯವರ ಹೆಸರಿಗೆ ಬರ್ತೈತ್ರಿ. ಅವರು ಈ ಮನಿ ಬಿಟ್ಟು ಹೋಗ್ಯಾರ."

"ಹೌದಾ? ಹೇಳಿದ್ದು ಒಳ್ಳೆಯದಾಯ್ತು. ಸುಮ್ಮನೆ ಅಂಚೆ ದಂಡ," ಎಂದು ಅವರು ಫೋನಿಟ್ಟರು.

ಬೂತಿನಿಂದ ಹೊರಗೆ ಬಂದು ನಾಲ್ಕು ಹೆಜ್ಜೆ ನಡೆದ ಮೇಲೆ ತಾನು ಮಾಡಿಕೊಂಡದ್ದೇನು ಎಂದು ಅವಳಿಗೆ ಹೊಳೆಯಿತು. ಜನವರಿಯಲ್ಲಿ ಪತ್ರಿಕೆ ಬರಲಿಲ್ಲ. ಪೋಸ್ಟ್‌ಮನ್ ಗೇಟು ದಾಟಿ ಮುಂದಿನ ಮನೆಗೆ ಹೋಗುವುದನ್ನು ಮಹಡಿಯಿಂದ ನೋಡಿದಳು. ಯಾವುದೋ ಊರು, ಯಾರದೋ ದೀಪ ಎಂದು ಸುಮ್ಮನಾಗಲು ಎರಡು ದಿನ ಪ್ರಯತ್ನಿಸಿದಳು. ಆಗಲಿಲ್ಲ. ಆ ಸಭೆಯಲ್ಲಿ ಏನಾಯಿತೋ ಎಂಬುದು ಟೈಪು ಮಾಡುವಾಗಲೂ ಬೆರಳಿಗೆ ಅಡ್ಡ ಬರುತ್ತಿತ್ತು.

ಕೊನೆಗೆ ಮುನಿಯಣ್ಣನೇ ಜಲಜಾಕ್ಷಿಯ ನಂಬರು ಹುಡುಕಿ ತನ್ನ ಮನೆಯ ಫೋನಿನಿಂದ ಮಾತಾಡಿಸಿದ. "ಮೇಡಮ್ಮೋರೇ, ನಮ್ಮ ಮೇಲ್ಗಡೆ ಮನೆ ಹುಡುಗಿ ನಿಮ್ಮೂರಿನ ದೀಪದ ವಿಷ್ಯ ತಲೆಗೆ ಹಚ್ಕೊಂಡವ್ಳೆ. ನೀವೇ ಒಂದಿಷ್ಟು ಹೇಳಿ ಬಿಡಿಸಬೇಕು." ಆ ಕಡೆಯಿಂದ ಜೋರಾಗಿ ನಗು ಕೇಳಿಸಿತು. ಭಾನುವಾರ ಮನೆಗೇ ಕಳಿಸಿ ಎಂದರಂತೆ.

ಭಾನುವಾರ ಮಧುಮತಿ ಜಯನಗರ ನಾಲ್ಕನೇ ಬ್ಲಾಕಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ವಿಳಾಸ ಕೇಳುತ್ತ ತ್ಯಾಗರಾಜನಗರಕ್ಕೆ ನಡೆದಳು. ಜಲಜಾಕ್ಷಿ ಐವತ್ತರ ಆಸುಪಾಸಿನ ತೆಳ್ಳಗಿನ ಹೆಂಗಸು. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಕಾಫಿ ಕೊಟ್ಟು, ಎದುರಿನ ಕುರ್ಚಿಯಲ್ಲಿ ಕೂತು, ಈ ಹುಡುಗಿಗೆ ನಿಜಕ್ಕೂ ಇಷ್ಟೇ ಬೇಕಾಗಿರುವುದೋ ಎಂಬಂತೆ ನೋಡಿದರು.

"ಅಲ್ಲಿ ನನ್ನ ಹೆಸರಲ್ಲಿ ಐದು ಸೆಂಟ್ಸ್ ಜಾಗ ಉಂಟು. ಅದಕ್ಕೆ ಆ ಪತ್ರಿಕೆ ಕಳಿಸ್ತಾರೆ. ನಾನೇ ಹೊಸ ವಿಳಾಸ ಕೊಡಲಿಲ್ಲ. ಬರದಿದ್ದರೆ ನೆಮ್ಮದಿ ಅಂತ."

"ಯಾಕ್ರಿ?"

"ಅಪ್ಪ ಹೋದ ಮೇಲೆ ಅಲ್ಲಿ ಯಾರೂ ಉಳೀಲಿಲ್ಲ. ಯಾರೂ ಇಲ್ಲದ ಊರಿನ ನಲ್ಲಿ, ಚರಂಡಿ, ಹೆಂಚು ಓದಿ ಏನು ಮಾಡುವುದು ಹೇಳಿ."

ಮಧುಮತಿ ಬಟ್ಟಲು ಕೆಳಗಿಟ್ಟಳು. ಇಷ್ಟು ಹೇಳಿದವರನ್ನು ದೀಪದ ಬಗ್ಗೆ ಕೇಳುವುದು ಸರಿಯೋ ತಪ್ಪೋ ತಿಳಿಯಲಿಲ್ಲ. ಆದರೂ ಬಾಯಿ ನಿಲ್ಲಲಿಲ್ಲ. "ಕೈರಂಪಣಿ ಅಂದ್ರ ಏನ್ರಿ?"

ಜಲಜಾಕ್ಷಿಯ ಮುಖ ಸಡಿಲವಾಯಿತು. "ಬಲೆ. ದಂಡೆಯಿಂದ ಎಳೆಯುವ ಬಲೆ. ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಸುತ್ತು ಹಾಕಿ ಬಲೆ ಬಿಟ್ಟು ಬರ್ತಾರೆ. ಆಮೇಲೆ ಎರಡು ಕಡೆ ಹಗ್ಗ ಹಿಡಿದು ಎಲ್ಲರೂ ಸೇರಿ ಎಳೆಯುವುದು. ಆದರೆ ಮೀನು ಎಲ್ಲುಂಟು ಅಂತ ಮೊದಲು ಗೊತ್ತಾಗಬೇಕಲ್ಲ. ಹಗಲಲ್ಲಿ ನೀರಿನ ಬಣ್ಣ ನೋಡಿ ಹೇಳ್ತಾರೆ. ಕತ್ತಲಲ್ಲಿ ನೀರೇ ಬೆಳಗ್ತದೆ."

"ನೀರು ಹೆಂಗ ಬೆಳಗತೈತ್ರಿ?"

"ಕೆಲವು ತಿಂಗಳು ಸಮುದ್ರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳಿರ್ತವೆ. ನೀರು ಕದಡಿದರೆ ಅವು ಮಿನುಗ್ತವೆ. ಮೀನಿನ ಹಿಂಡು ಹೋದರೆ, ನೀರೊಳಗೆ ಯಾರೋ ಬೆಳಕಿನ ಬಟ್ಟೆ ಎಳೆದುಕೊಂಡು ಹೋದ ಹಾಗೆ ಕಾಣ್ತದೆ. ನನ್ನ ಅಪ್ಪ ದಂಡೆಯಲ್ಲಿ ನಿಂತು ಅದನ್ನು ನೋಡಿ ಕೂಗಿ ಹೇಳುವವರು. ಬೀದಿದೀಪ ಇದ್ದರೆ ಕಾಣುವುದಿಲ್ಲ. ಬೆಳದಿಂಗಳಿದ್ದರೂ ಕಾಣುವುದಿಲ್ಲ. ಅದಕ್ಕೇ ಅಮಾವಾಸ್ಯೆ."

ಎರಡು ತಿಂಗಳಿಂದ ತಲೆಯಲ್ಲಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮಧುಮತಿಗೆ ಸಮಾಧಾನವಾಗುವ ಬದಲು ಇನ್ನೊಂದಿಷ್ಟು ಪ್ರಶ್ನೆ ಎದ್ದವು. ಆ ಬೆಳಕು ಯಾವ ಬಣ್ಣ, ಕೈಗೆ ಅಂಟುತ್ತದೆಯೇ, ಕೊಡದಲ್ಲಿ ತುಂಬಿಕೊಂಡು ಮನೆಗೆ ತಂದರೆ ಉಳಿಯುತ್ತದೆಯೇ? ಜಲಜಾಕ್ಷಿ ಒಂದೊಂದಕ್ಕೂ ಉತ್ತರ ಕೊಡುತ್ತ ಹೋದರು. ಕೊಡದಲ್ಲಿ ತರಲು ಚಿಕ್ಕವರಿದ್ದಾಗ ತಾವೂ ಪ್ರಯತ್ನಿಸಿದ್ದಾಗಿ ಹೇಳಿದರು. ಆಮೇಲೆ ಇದ್ದಕ್ಕಿದ್ದಂತೆ ಅವರೇ ಕೇಳಿದರು. "ಸಭೆಯಲ್ಲಿ ಏನಾಯ್ತು?"

"ಗೊತ್ತಿಲ್ರಿ. ಪತ್ರಿಕೆ ನಿಂತುಬಿಡ್ತು."

ಮರುದಿನ ಬ್ಯಾಂಕಿನಿಂದ ಜಲಜಾಕ್ಷಿ ಪಂಚಾಯತಿಗೆ ಫೋನು ಮಾಡಿದರು. ಊರಿನವರೆಂದು ತಿಳಿದ ಮೇಲೆ ಗುಮಾಸ್ತರು ಧಾರಾಳವಾಗಿ ಮಾತಾಡಿದರು. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹೋಗಿತ್ತು. ತಿಂಗಳ ಕೊನೆಯ ಶುಕ್ರವಾರ ನಡೆಯುವುದಿತ್ತು. ಮರುದಿನವೇ ಅಮಾವಾಸ್ಯೆ. ಸಂಜೆ ಅವರು ಮುನಿಯಣ್ಣನ ಮನೆಗೆ ಫೋನು ಮಾಡಿ ಮಧುಮತಿಯನ್ನು ಕರೆಸಿದರು.

"ಹೊರಗಿನವರು ಕೂತು ಕೇಳಬಹುದಂತೆ. ಮಾತಾಡುವ ಹಾಗಿಲ್ಲ. ನಾನು ರಜೆ ಹಾಕ್ತೇನೆ. ನೀವು ಬರ್ತೀರಾ?"

ನಿಂಗರಾಜ ನಕ್ಕ. "ಮೀನ ಮುಟ್ಟದಾಕಿ ಮೀನಿನ ಮೀಟಿಂಗಿಗೆ ಹೊಂಟಿ." ಆದರೂ ಬಸ್ಸಿನ ಟಿಕೆಟು ಅವನೇ ಮಾಡಿಸಿಕೊಟ್ಟ.

ಶುಕ್ರವಾರ ಬೆಳಿಗ್ಗೆ ಬಸ್ಸು ಇಳಿದು ಒಂದು ಓಣಿ ದಾಟಿದಾಗ, ಮನೆಗಳ ಸಂದಿಯಿಂದ ಸಮುದ್ರ ಕಾಣಿಸಿತು. ಮಧುಮತಿ ಚೀಲ ಕೆಳಗಿಟ್ಟು ನಿಂತುಬಿಟ್ಟಳು. ಅಷ್ಟು ಎತ್ತರದಲ್ಲಿ ನೀರು ಇರುತ್ತದೆ ಎಂದು ಅವಳು ಎಣಿಸಿರಲಿಲ್ಲ. ಅದು ಊರಿಗಿಂತ ಮೇಲಿದ್ದಂತೆ, ಯಾರೋ ತಡೆದು ನಿಲ್ಲಿಸಿದಂತೆ ಕಂಡಿತು. ಜಲಜಾಕ್ಷಿ ಅವಳನ್ನು ಅವಸರ ಮಾಡಲಿಲ್ಲ. ಅವರೂ ನೋಡುತ್ತಿದ್ದರು.

ಸಭೆ ಪಂಚಾಯತಿ ಕಟ್ಟಡದ ಹಿಂದಿನ ಕೋಣೆಯಲ್ಲಿ ನಡೆಯಿತು. ವಸತಿಗೃಹದವರ ಪರವಾಗಿ ಒಬ್ಬ ಸದಸ್ಯ ಮಾತಾಡಿದ. ಪೇಟೆಯಿಂದ ಬರುವ ಜನರಿಂದ ಹುಡುಗರಿಗೆ ಕೆಲಸ ಸಿಕ್ಕಿದೆ, ಹೋದ ವರ್ಷ ಕತ್ತಲಲ್ಲಿ ಒಬ್ಬರು ಹಗ್ಗ ಎಡವಿ ಬಿದ್ದು ಕೈ ಮುರಿದುಕೊಂಡರು ಎಂದ. ಅದು ಸುಳ್ಳೆಂದು ಯಾರೂ ಹೇಳಲಿಲ್ಲ. ಆಮೇಲೆ ಲಲಿತಾ ಖಾರ್ವಿ ಎಂಬ ಸದಸ್ಯೆ ಎದ್ದರು. "ದೊಡ್ಡ ಬೋಟಿನವರಿಗೆ ಯಂತ್ರ ಉಂಟು, ಮೀನು ಎಲ್ಲುಂಟು ಅಂತ ಅದು ಹೇಳ್ತದೆ. ನಮ್ಮಲ್ಲಿರುವುದು ಕಣ್ಣು ಮಾತ್ರ," ಎಂದು ಕೂತರು. ಮಧುಮತಿಗೆ ಎರಡೂ ಸರಿ ಅನ್ನಿಸಿತು. ಯಾರು ಗೆಲ್ಲಬೇಕೆಂದು ತನಗೇ ಗೊತ್ತಾಗದೆ ಸೆರಗು ಹಿಂಡುತ್ತ ಕೂತಳು.

ಚರ್ಚೆ ಊಟದ ಹೊತ್ತಿನವರೆಗೂ ಎಳೆಯಿತು. ಕೊನೆಗೆ, ಅಮಾವಾಸ್ಯೆಯ ದಿನಗಳಲ್ಲಿ ರಾತ್ರಿ ಒಂಬತ್ತರವರೆಗೆ ದೀಪ ಉರಿಯಲಿ, ಆಮೇಲೆ ಆರಲಿ ಎಂದು ಕೈ ಎತ್ತಿದರು. ಮುಂದಿನ ತಿಂಗಳಿಂದ ಜಾರಿ. ಹೊರಗೆ ಬರುವಾಗ ಎರಡು ಕಡೆಯವರೂ ಗೊಣಗುತ್ತಿದ್ದರು.

"ನಾಳೆ?" ಎಂದು ಮಧುಮತಿ ಕೇಳಿದಳು.

"ನಾಳೆ ಹಳೇ ಕ್ರಮವೇ. ಕತ್ತಲಾದ ಕೂಡಲೇ ಆರಿಸ್ತಾರೆ," ಎಂದರು ಜಲಜಾಕ್ಷಿ.

ಶನಿವಾರ ಸೂರ್ಯ ಮುಳುಗಿ ಕೆಂಪು ಆರಿದ ಮೇಲೆ ಅವರಿಬ್ಬರೂ ಮರಳಿನ ಮೇಲೆ ಕೂತರು. ರಸ್ತೆಯ ಕಂಬಗಳಲ್ಲಿ ದೀಪ ಇರಲಿಲ್ಲ. ಸ್ವಲ್ಪ ದೂರದಲ್ಲಿ ದೋಣಿಯ ಪಕ್ಕ ನಿಂತಿದ್ದವರ ಬೀಡಿಯ ಕಿಡಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮಧುಮತಿ ಕಣ್ಣು ಕೀಲಿಸಿ ನೋಡಿದಳು. ಯಾರೂ ಕೂಗಲಿಲ್ಲ. ಹಿಂಡು ಬರಲಿಲ್ಲ.

"ಇವತ್ತು ಇಲ್ಲ ಅಂತ ಕಾಣ್ತದೆ," ಎಂದು ಜಲಜಾಕ್ಷಿ ಎದ್ದರು. ಆದರೆ ರಸ್ತೆಯ ಕಡೆ ತಿರುಗಲಿಲ್ಲ. ಚಪ್ಪಲಿ ಕಳಚಿ, ಸೀರೆ ಸ್ವಲ್ಪ ಎತ್ತಿ, ನೀರಿನ ಕಡೆ ನಡೆದರು. ಅವರ ಕಾಲು ನೀರಿಗೆ ತಾಗಿದ್ದೇ ತಡ, ಪಾದದ ಸುತ್ತ ಹಸಿರು ನೀಲಿಯ ಬೆಳಕು ಚಿಮ್ಮಿ ಆರಿತು. ಇನ್ನೊಂದು ಹೆಜ್ಜೆ ಇಟ್ಟರು, ಮತ್ತೆ ಚಿಮ್ಮಿತು.

ಮಧುಮತಿ ಓಡಿದಳು. ಸೀರೆ ಎತ್ತಿಕೊಳ್ಳುವುದು ನೆನಪಾಗಲಿಲ್ಲ. ಮೊಣಕಾಲಿನವರೆಗೆ ಇಳಿದು, ಬಗ್ಗಿ ಬೊಗಸೆಯಲ್ಲಿ ನೀರು ತುಂಬಿಕೊಂಡಳು. ಕೈಯಲ್ಲಿ ಬರೀ ಕಪ್ಪು ನೀರಿತ್ತು. ಬೊಗಸೆ ಅಲುಗಿಸಿದಳು, ಅಂಗೈಯ ಗೆರೆಗಳ ನಡುವೆ ಒಂದೆರಡು ಚುಕ್ಕಿ ಹತ್ತಿ ಆರಿದವು.

"ಮೇಡಂ, ಇದಕ್ಕ ಬಿಸಿ ಇಲ್ರಿ," ಎಂದಳು.

"ಇಲ್ಲ ಮಾರಾಯ್ತಿ, ಇರುವುದಿಲ್ಲ," ಎಂದರು ಜಲಜಾಕ್ಷಿ. ಅವರು ನಗುತ್ತಿದ್ದರು. ಒಂದು ಕಾಲಿನಿಂದ ನೀರನ್ನು ಚಿಕ್ಕ ಹುಡುಗಿಯಂತೆ ಒದ್ದು ಬೆಳಕು ಎಬ್ಬಿಸುತ್ತಲೇ ಇದ್ದರು. ಮಧುಮತಿ ಮತ್ತೆ ಬಗ್ಗಿದಳು, ಈ ಸಲ ಬೆರಳುಗಳನ್ನು ಅಗಲಿಸಿ ನೀರಿನಲ್ಲಿ ಗೆರೆ ಎಳೆದು, ಅದು ಎಷ್ಟು ದೂರ ಬೆಳಗುತ್ತದೆ ಎಂದು ನೋಡತೊಡಗಿದಳು.