ನನ್ನ ಕಡೆಯ ಕನ್ನಡಿ

ಬಂದ, ಮತ್ತೊಬ್ಬ ಬಂದ, ನನ್ನ ಕಡೆಯ ಕನ್ನಡಿಯ ತುಂಬ ಅವನದೇ ಮೂತಿ, ಬೂದು ಬಣ್ಣದ ಕಾರು, ಇಷ್ಟು ಬಿಸಿಲಿದ್ದರೂ ಎರಡೂ ದೀಪ ಉರಿಸಿಕೊಂಡು, ನಂಬರ್ ಪ್ಲೇಟು ಕಾಣದಷ್ಟು ಹತ್ತಿರ — ಹಿಂದಿನ ಗಾಜಿನ ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ ಬರೆಸಿದ್ದೇನೆ, ಕಲಿಯುವವರಿದ್ದಾರೆ ದೂರವಿರಿ ಅಂತ, ಅದನ್ನು ಓದಲಿಕ್ಕೆಂದೇ ಹತ್ತಿರ ಬರುತ್ತಾರೋ ಏನೋ, ಪುಣ್ಯಾತ್ಮರು, ಸ್ಟೀರಿಂಗ್ ಹಿಡಿದುಕೊಂಡೇ ಹುಟ್ಟಿದವರು, ಇವರಿಗೆ ಯಾರೂ ಕಲಿಸಲೇ ಇಲ್ಲವೇನೋ — ಹಾರ್ನು, ಒಂದು, ಎರಡು, ಹೊಡಿ ಮಾರಾಯ ಹೊಡಿ, ನೀನು ಹಾರ್ನು ಹೊಡೆದರೆ ನಮಗೆ ರೆಕ್ಕೆ ಬರುತ್ತದೆ ನೋಡು, ಇಪ್ಪತ್ತೆರಡು ವರ್ಷದಿಂದ ಈ ಸೀಟಿನಲ್ಲಿ ಕೂತು ಇದನ್ನೇ ಕೇಳುತ್ತಿದ್ದೇನೆ, ಓಡಿಸುವವರ ಸೀಟಲ್ಲ, ಓಡಿಸುವವರ ಪಕ್ಕದ ಸೀಟು, ಕಾರು ನನ್ನದು, ಕಾಲು ನನ್ನದು, ಸ್ಟೀರಿಂಗ್ ಮಾತ್ರ ಊರವರದು, ಬ್ರೇಕಿನ ಮೇಲೆ ಪಾದ ಎತ್ತಿ ಹಿಡಿದು ಹಿಡಿದು ಮಂಡಿ ಸವೆದುಹೋಗಿದೆ, ರಾತ್ರಿ ನಿದ್ದೆಯಲ್ಲೂ ಒದೀತೀರಿ ಅನ್ನುತ್ತಾಳೆ ಮನೆಯವಳು — ಈಕೆಯ ಕೈ ನೋಡು, ಗೆಣ್ಣು ಬೆಳ್ಳಗಾಗುವ ಹಾಗೆ ಹಿಡಿದಿದ್ದಾಳೆ, ಸಡಿಲ ಬಿಡಮ್ಮಾ, ಸ್ಟೀರಿಂಗ್ ಎಲ್ಲೂ ಓಡಿಹೋಗಲ್ಲ, ಹೂಂ ಮಾಸ್ಟ್ರೇ, ಹೂಂ ಅನ್ನುತ್ತಾಳೆ, ಸಡಿಲ ಬಿಡುವುದಿಲ್ಲ, ಕಣ್ಣು ಮತ್ತೆ ಕನ್ನಡಿಗೆ ಹೋಯಿತು, ಆಯಿತು, ಇವತ್ತೂ ಕೆಟ್ಟಿತು, ಲೈಸೆನ್ಸ್ ಟೆಸ್ಟಿನ ಮೈದಾನಕ್ಕೆ ಇನ್ನು ಹತ್ತು ನಿಮಿಷದ ದಾರಿ.

ಮುಂದೆ ನೋಡಮ್ಮಾ, ಮುಂದೆ, ಹಿಂದಿನದು ನನಗೆ ಬಿಡು — ಎಷ್ಟು ಸಲ ಹೇಳಿದ್ದೇನೆ, ನಾಲಿಗೆಯ ಪಸೆ ಆರಿದೆ, ಎರಡು ಸಲ ಫೇಲಾದದ್ದೂ ಇದರಿಂದಲೇ, ಮೊದಲನೇ ಸಲ ಮೈದಾನದ ಮಧ್ಯದಲ್ಲಿ ಕನ್ನಡಿ ನೋಡುತ್ತ ನಿಂತೇಬಿಟ್ಟಳು, ಎರಡನೇ ಸಲ ಅಧಿಕಾರಿ ನಕ್ಕುಬಿಟ್ಟರು, ಹಿಂದೆ ಯಾರಮ್ಮಾ ಅಟ್ಟಿಸ್ಕೊಂಡು ಬರ್ತಿದಾರೆ, ಪೊಲೀಸರಾ, ಸಾಲದವರಾ, ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ ಸ್ವಲ್ಪ, ನಗಬಾರದಿತ್ತು — ಇವತ್ತು ಮೂರನೆಯದು, ಇವತ್ತೂ ಹೋದರೆ ಮುಗಿಯಿತು, ಸೋಮವಾರದಿಂದ ಶಾಲೆಯ ಆ ಪುಟ್ಟ ವ್ಯಾನಿಗೆ ಬೇರೆಯವನನ್ನು ಹಾಕಿಕೊಳ್ಳುತ್ತಾರೆ, ಹೆಡ್‌ಮಿಸ್ಸು ಕಡ್ಡಿ ಮುರಿದ ಹಾಗೆ ಹೇಳಿದ್ದಾರಂತೆ, ನಿನ್ನ ಗಂಡ ಅಷ್ಟು ವರ್ಷ ಓಡಿಸಿದ ಗಾಡಿ ಅಂತ ಇಷ್ಟು ದಿನ ಕಾದೆ, ಇನ್ನು ಕಾಯೋಕಾಗಲ್ಲಮ್ಮ — ಗಂಡನಿಗೆ ಸಕ್ಕರೆ ಕಾಯಿಲೆಯಲ್ಲಿ ಕಣ್ಣು ಹೋಯಿತು, ಎದುರಿಗಿದ್ದವರು ಯಾರು ಅಂತ ದನಿಯಲ್ಲೇ ತಿಳಿಯಬೇಕು, ಈಕೆ ಅದೇ ವ್ಯಾನಿನಲ್ಲಿ ಹನ್ನೊಂದು ವರ್ಷ ಆಯಾ, ಮಕ್ಕಳ ತಲೆ ಎಣಿಸಿ ಹತ್ತಿಸುವುದು, ತಲೆ ಎಣಿಸಿ ಇಳಿಸುವುದು, ನಲವತ್ತಾರು ವಯಸ್ಸು, ಮೊದಲ ದಿನ ಬಂದು ಬಾಗಿಲ ಹೊರಗೇ ನಿಂತು, ಮಾಸ್ಟ್ರೇ, ನನ್ನ ವಯಸ್ಸಿನವರಿಗೂ ಬರುತ್ತಾ ಇದು ಅಂದಳು, ಬರುತ್ತಮ್ಮಾ, ನನ್ನ ಕೈಯಲ್ಲಿ ಕಲಿತವರಲ್ಲಿ ಬಾರದವರು ಯಾರೂ ಇಲ್ಲ ಅಂದೆ, ಅಂದುಬಿಟ್ಟೆ — ಗೇರು ಚೆನ್ನಾಗಿ ಹಾಕುತ್ತಾಳೆ, ಕ್ಲಚ್ಚು ಹೂವಿನ ಹಾಗೆ ಬಿಡುತ್ತಾಳೆ, ರಿವರ್ಸು ನನಗಿಂತ ಚೆನ್ನ, ಹಿಂದೆ ಒಂದು ಗಾಡಿ ಅಂಟಿಕೊಂಡಿತೋ, ಕಣ್ಣು ಕನ್ನಡಿಗೆ, ಕಾಲು ಕಲ್ಲು. ಹೆದರಿಕೆಗೆ ನನ್ನ ಹತ್ತಿರ ಇದ್ದ ಮದ್ದನ್ನೂ ತೋರಿಸಿದ್ದೆ ಈಕೆಗೆ, ಮೊದಲನೇ ವಾರದಲ್ಲೇ.

ಎಂಥ ಮದ್ದು ಅದು, ಈಗ ನೆನೆದರೂ ಮೈಯ ಆಯಾಸ ಒಂದು ಗಳಿಗೆ ಇಳಿಯುತ್ತದೆ, ಪೆಟ್ರೋಲಿನವರಿಗೆ ಎಲ್ಲಿಂದ ಬರಬೇಕು ಆ ಭಾಗ್ಯ, ನಮ್ಮದು ಡೀಸೆಲ್ಲು, ಅದೂ ಹಳೇ ಡೀಸೆಲ್ಲು, ಬೆನ್ನು ಹತ್ತಿದವನಿಗೆ ಬೈಯಬೇಕಿಲ್ಲ, ಕಿಟಕಿಯಿಂದ ಕೈ ಬೀಸಬೇಕಿಲ್ಲ, ಒಂದು ಗೇರು ಇಳಿಸು, ಆಕ್ಸಿಲರೇಟರ್ ನೆಲಕ್ಕೆ ಒತ್ತು, ಹಿಂದಿನಿಂದ ಕರ್ರಗೆ ಒಂದು ರಾಶಿ ಹೊಗೆ, ಅವನ ಗಾಜಿಗೆ, ಅವನ ತೆರೆದ ಕಿಟಕಿಗೆ, ಅವನ ಇಸ್ತ್ರಿ ಅಂಗಿಗೆ, ಹತ್ತು ಮಾರು ದೂರ ನಿಂತುಕೊಳ್ಳುತ್ತಾನೆ ಗಪ್ ಚಿಪ್ — ಅದಕ್ಕೆಂದೇ ನನ್ನ ಕಡೆಗೂ ಮೂರನೇ ಪೆಡಲು ಹಾಕಿಸಿದೆ, ಬೇರೆ ಮಾಸ್ತರರ ಕಾರಿನಲ್ಲಿ ಕ್ಲಚ್ಚು ಬ್ರೇಕು ಎರಡೇ, ಮೆಕ್ಯಾನಿಕ್ ತಲೆ ಕೆರೆದುಕೊಂಡ, ನಿಮಗ್ಯಾಕಣ್ಣಾ ಆಕ್ಸಿಲರೇಟರು, ಹಾಕು ಸುಮ್ಮನೆ, ಆಮೇಲೆ ಅವನೇ ಅಂದ, ಪಂಪಿನ ಸ್ಕ್ರೂ ಒಂದು ಸುತ್ತು ತಿರುಗಿಸ್ತೀನಿ, ಹೊಗೆ ನಿಲ್ಲುತ್ತೆ, ಡೀಸೆಲ್ ಕುಡಿಯೋದೂ ಕಮ್ಮಿ ಆಗುತ್ತೆ, ಬೇಡ ಅಂದೆ, ವರ್ಷಕ್ಕೊಂದು ಸಲ ಹೊಗೆ ತಪಾಸಣೆಯ ಹಿಂದಿನ ದಿನ ತಿರುಗಿಸು, ಮಾರನೇ ದಿನ ಇದ್ದ ಹಾಗೆ ಮಾಡಿಬಿಡು, ಅಣ್ಣಾ ನೀವು ಭಲೇ ಆಸಾಮಿ ಅಂದ, ಹಿಗ್ಗಿದೆ, ಸುಳ್ಳೇಕೆ — ಮನೆಯವಳಿಗೆ ಮಾತ್ರ ಈ ಕಾರು ಕಂಡರಾಗದು, ಅಂಗಿ ಹೊರಗೇ ಬಿಚ್ಚಿ ಬನ್ನಿ, ಹಾಸಿಗೆಗೆಲ್ಲ ಡೀಸೆಲ್ ವಾಸನೆ, ಬಿಚ್ಚಿಯೇ ಬರುತ್ತೇನೆ, ವಾಸನೆ ಅಂಗಿಯಲ್ಲಿಲ್ಲ, ಚರ್ಮದಲ್ಲಿದೆ, ಏನು ಮಾಡಲಿ — ಅವತ್ತು ಈಕೆಯ ಆರನೇ ದಿನ, ಹಿಟ್ಟಿನ ಗಿರಣಿಯ ಹತ್ತಿರದ ಇಳಿಜಾರು, ಹಿಂದೆ ಒಬ್ಬ ಕಪ್ಪು ಕಾರಿನವನು, ಬಿಡಲೇ ಇಲ್ಲ ಹಾರ್ನು, ಈಕೆ ಬೆವತು ನೀರಾಗಿದ್ದಳು, ನೋಡ್ತಾ ಇರಮ್ಮಾ, ಡೀಸೆಲ್ಲಿನವರ ಉತ್ತರ ಹೇಗಿರುತ್ತೆ ಅಂತ, ಎರಡನೇ ಗೇರಿಗೆ ಹಾಕು ಅಂದೆ, ಹಾಕಿದಳು, ನನ್ನ ಕಡೆಯಿಂದ ಒತ್ತಿದೆ, ಕನ್ನಡಿ ಕಪ್ಪಾಯಿತು, ಕಾರಿಲ್ಲ, ರಸ್ತೆಯಿಲ್ಲ, ಹೊಗೆಯೊಂದೇ, ಹೊಟ್ಟೆ ಹಿಡಿದುಕೊಂಡು ನಕ್ಕೆ, ಈಕೆ ನಗಲಿಲ್ಲ, ಬಾಯಿ ತೆರೆದು ಏನೋ ಹೇಳಹೊರಟಳು, ಮುಂದೆ ನೋಡು ಮುಂದೆ ನೋಡು ಅಂದೆ. ಆಮೇಲೆ ಗಿರಣಿಯ ರಸ್ತೆ ಬೇಡ ಮಾಸ್ಟ್ರೇ, ಆ ಕಡೆಯಿಂದ ಹೋಗೋಣ ಅನ್ನತೊಡಗಿದಳು, ಇಳಿಜಾರಿಗೆ ಹೆದರಿದಳು ಅಂದುಕೊಂಡೆ.

ಬೂದು ಕಾರು ಇನ್ನೂ ಹತ್ತಿರ, ಈಗ ದೀಪವನ್ನು ಆರಿಸಿ ಹಚ್ಚಿ ಆಟವಾಡುತ್ತಿದ್ದಾನೆ, ಈಕೆಯ ತುಟಿ ಏನೋ ಎಣಿಸುವ ಹಾಗೆ ಆಡುತ್ತಿದೆ, ಸಾಕು, ಇವತ್ತು ಈಕೆಯ ದಿನ, ಇವನೊಬ್ಬ ಹಾಳು ಮಾಡಲಿಕ್ಕೆ ನಾನು ಬಿಡುವುದಿಲ್ಲ, ಬಲಗಾಲು ತಾನಾಗಿ ಮೂರನೇ ಪೆಡಲಿನ ಮೇಲೆ ಬಂತು, ಎರಡನೇ ಗೇರಮ್ಮಾ — ಬೇಡ ಮಾಸ್ಟ್ರೇ. ಏನು ಬೇಡ. ಹೊಗೆ ಬಿಡಬೇಡಿ ಮಾಸ್ಟ್ರೇ, ಕೈ ಮುಗೀತೀನಿ. ಅಯ್ಯೋ, ಇಂಥವರಿಗೆ ಹೆದರಿ ಕೂತರೆ ಹೇಗಮ್ಮಾ ವ್ಯಾನು ಓಡಿಸ್ತೀಯ. ಕಾರಿನವರಿಗೆ ಹೆದರಿದ್ದಲ್ಲ ನಾನು, ಯಾವತ್ತೂ ಹೆದರಿಲ್ಲ — ಇಷ್ಟು ದಿನದಲ್ಲಿ ಈ ದನಿಯನ್ನು ನಾನು ಕೇಳಿರಲಿಲ್ಲ, ಮಕ್ಕಳನ್ನು ಕೂರಿಸುವಾಗಿನ ದನಿ ಇರಬೇಕು — ಅವತ್ತು ಗಿರಣಿ ಹತ್ರ ಆ ಕಪ್ಪು ಕಾರಿನ ಪಕ್ಕದಲ್ಲಿ, ನನ್ನ ಕಡೆ ಅಂಚಲ್ಲಿ, ಒಬ್ಬರು ಸೈಕಲ್ಲಲ್ಲಿ ಬರ್ತಾ ಇದ್ರು, ವಯಸ್ಸಾದವರು, ಹ್ಯಾಂಡಲಿಗೆ ಊಟದ ಡಬ್ಬಿ, ನನ್ನ ಬಾಗಿಲ ಕನ್ನಡೀಲಿ ಕಾಣ್ತಿದ್ರು, ಹೊಗೆ ಬಂದಿದ್ದೇ ಕೈ ಬಿಟ್ಟು ಕಣ್ಣು ಮುಚ್ಕೊಂಡ್ರು, ಮೋರಿ ಕಡೆ ವಾಲಿದ್ರು, ಆಮೇಲೆ ಅವರು ಕಾಣಲಿಲ್ಲ, ಚಕ್ರ ಒಂದು ಮೇಲೆದ್ದು ತಿರುಗ್ತಾ ಇತ್ತು, ಅಷ್ಟೇ, ಎದ್ರಾ ಇಲ್ವಾ ನೋಡೋಣ ಅಂದ್ರೆ ನೀವು ಮುಂದೆ ನೋಡು ಅಂದ್ರಿ. ಮತ್ತೆ ಯಾಕಮ್ಮಾ ಹೇಳಲಿಲ್ಲ. ಕಲಿಸೋ ಗುರುಗಳು, ಅಷ್ಟು ಖುಷಿಯಾಗಿ ನಗ್ತಾ ಇದ್ರಿ, ಹೇಗೆ ಹೇಳೋದು ಮಾಸ್ಟ್ರೇ, ಮಾರನೇ ದಿನ ನಡ್ಕೊಂಡು ಹೋಗಿ ಗಿರಣಿಯವರನ್ನ ಕೇಳ್ದೆ, ಯಾರೋ ಆಟೋದಲ್ಲಿ ಕರ್ಕೊಂಡು ಹೋದ್ರು, ಯಾರು ಏನು ಗೊತ್ತಿಲ್ಲ ಅಂದ್ರು, ಅವತ್ತಿಂದ ಹಿಂದೆ ಗಾಡಿ ಬಂದ್ರೆ ಪಕ್ಕದಲ್ಲಿ ಅವರಿದಾರಾ ಅಂತ ನೋಡ್ತೀನಿ, ಅಷ್ಟೇ — ಅಂದು, ನನ್ನನ್ನು ಕೇಳದೆ, ಸಿಗ್ನಲ್ ಹಾಕಿ, ಕನ್ನಡಿ ನೋಡಿ, ಇನ್ನೊಮ್ಮೆ ನೋಡಿ, ಕಾರನ್ನು ಅಂಚಿಗೆ ತಂದು ನಿಲ್ಲಿಸಿದಳು, ದಾರಿ ಬಿಟ್ಟುಕೊಡಬಾರದು ಅಂತ ನಾನು ಇಪ್ಪತ್ತೆರಡು ವರ್ಷ ಹೇಳಿಕೊಟ್ಟದ್ದು ಒಂದು ಗಳಿಗೆಯಲ್ಲಿ ಹೋಯಿತು, ಬೂದು ಕಾರಿನವನು ನಮ್ಮನ್ನು ನೋಡಲೂ ಇಲ್ಲ, ಹೋದ, ರಸ್ತೆ ಖಾಲಿ, ಹೋಗೋಣ್ವಾ ಮಾಸ್ಟ್ರೇ, ಹೂಂ ಅಂದೆ, ನನ್ನ ಕಾಲನ್ನು ಪೆಡಲಿನಿಂದ ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಸೀಟಿನ ಕೆಳಗೆ ಮಡಚಿಕೊಂಡೆ. 

ಮೈದಾನ, ಸುಣ್ಣದ ಗೆರೆ, ಸಾಲು, ಬಿಸಿಲು, ಅಧಿಕಾರಿ ನನ್ನ ಸೀಟಿನಲ್ಲಿ ಕೂತರು, ಇದೇನ್ರೀ ಮೂರು ಪೆಡಲು ಅಂದರು, ಏನೋ ಅಂದೆ, ಬಾಗಿಲು ಹಾಕಿಕೊಂಡರು, ನಾನು ಎಲ್ಲಿ ನಿಲ್ಲಬೇಕು, ಎಲ್ಲರೂ ನಿಲ್ಲುವ ಕಡೆ, ಹಿಂದೆ — ನನ್ನ ಕಾರಿನ ಹಿಂದೆ ನಾನು ನಿಂತದ್ದೇ ಇಲ್ಲ ಅಂತ ಈಗ ಹೊಳೆಯಿತು, ಬೇರೆ ದಿನ ಒಳಗಿರುತ್ತೇನೆ, ಟೆಸ್ಟಿನ ದಿನ ಮುಂದೆ ಗೆರೆಯ ಹತ್ತಿರ ನಿಂತು ಕೈಸನ್ನೆ ಮಾಡುತ್ತಿರುತ್ತೇನೆ, ಹೊರಟಳು, ಕ್ಲಚ್ಚು ಹೂವಿನ ಹಾಗೇ ಬಿಟ್ಟಳು, ಆದರೂ ಬಂತು, ನೆಲಮಟ್ಟದಲ್ಲಿ ಸುತ್ತಿಕೊಂಡು ಬಂದು ಮುಖಕ್ಕೇ ಹೊಡೆಯಿತು, ಬಿಸಿ, ಎಣ್ಣೆಯ ಜಿಡ್ಡು, ಕಣ್ಣು ಮುಚ್ಚಿಹೋಯಿತು, ಕೈ ತಾನೇ ಮುಖಕ್ಕೆ ಬಂತು, ಕೈ ಬಿಟ್ಟು, ಹೌದು, ಕೈ ಬಿಟ್ಟೇ ಬಿಡುತ್ತಾರೆ ಯಾರಾದರೂ — ಕೆಮ್ಮು, ಪಕ್ಕದವನು ನೀರು ಬೇಕಾ ಅಂದ, ಬೇಡ — ಎದ್ದಿರುತ್ತಾರೆ, ಸೈಕಲ್ಲಿನಿಂದ ಯಾರು ಬಿದ್ದಿಲ್ಲ, ಬೀಳುತ್ತಾರೆ, ಏಳುತ್ತಾರೆ, ಮೊಣಕೈ ತರಚಿರುತ್ತದೆ, ಆಟೋದಲ್ಲಿ ಕರೆದುಕೊಂಡು ಹೋದರು ಅಂದಮೇಲೆ ಮನೆಗೇ ಬಿಟ್ಟಿರುತ್ತಾರೆ, ಮನೆಯವರು ಬೈದಿರುತ್ತಾರೆ, ಈ ವಯಸ್ಸಲ್ಲಿ ಸೈಕಲ್ ಬೇಕಿತ್ತಾ ಅಂತ, ಈಗ ಎಲ್ಲೋ ಕೂತು ಡಬ್ಬಿ ಬಿಚ್ಚಿ ಊಟ ಮಾಡುತ್ತಿರುತ್ತಾರೆ — ಇಲ್ಲ, ಡಬ್ಬಿ ಎಲ್ಲಿ, ಡಬ್ಬಿ ಮೋರಿಯ ಹತ್ತಿರ, ಚಕ್ರ ಮೇಲೆ — ಎಂಟರ ಆಕಾರ ತಿರುಗಿಸಿದಳು, ದಿಬ್ಬ ಹತ್ತಿ ನಿಲ್ಲಿಸಿದಳು, ಒಂದಿಂಚೂ ಹಿಂದೆ ಜಾರಲಿಲ್ಲ, ಕನ್ನಡಿ ನೋಡಿಯೇ ರಿವರ್ಸ್ ತಂದು ಗೆರೆಯೊಳಗೆ ಇಟ್ಟಳು, ಅಧಿಕಾರಿ ಇಳಿದು ಕಾಗದಕ್ಕೆ ಸಹಿ ಹಾಕಿದರು, ಪಾಸು ಅಂದರು ಯಾರೋ, ಪಾಸಾದ್ಲು ನಿಮ್ಮ ಆಯಮ್ಮ, ಓಡಿ ಬರುತ್ತಿದ್ದಾಳೆ ನನ್ನ ಕಡೆಗೆ, ಅಳುತ್ತ ನಗುತ್ತ, ಏನೋ ಹೇಳುತ್ತಿದ್ದಾಳೆ, ಸಂತೋಷ ಆಯ್ತಮ್ಮಾ ಅನ್ನಬೇಕು, ಅನ್ನುತ್ತೇನೆ, ಇರು, ಒಂದು ಗಳಿಗೆ ಇರಮ್ಮಾ — ಎದ್ದರು, ಅಂಗಿ ಒದರಿಕೊಂಡರು, ಸೈಕಲ್ಲು ಎತ್ತಿ ನಿಲ್ಲಿಸಿದರು, ಇಲ್ಲ, ನಿಲ್ಲಿಸಲಿಲ್ಲ, ಮತ್ತೆ ಮೊದಲಿಂದ, ಎದ್ದರು, ಅಂಗಿ ಒದರಿ — ನನ್ನ ಕನ್ನಡಿಯಲ್ಲಿ ಕಾಣದೇ ಇದ್ದದ್ದು, ನಾನು ನೋಡಿಯೇ ಇಲ್ಲದ್ದು, ಹೊಗೆ ತಿಳಿಯಾಗುತ್ತಿದೆ, ಮೋರಿಯ ಅಂಚು, ಯಾರೂ ಇಲ್ಲ, ಚಕ್ರ ಮೇಲೆ, ತಿರುಗುತ್ತ, ಇನ್ನೂ ತಿರುಗುತ್ತ